ರಾಯಣ್ಣನಂಥ ಮಗ ಬೇಕು: ವೀರನಿಗಾಗಿ ಹಂಬಲಿಸುವ ಲಾವಣಿಗಳು ಇನ್ನೂ ಏಕೆ ಉಳಿದಿವೆ?

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಯಿದೆ. ಅದರ ಬಳಿಯಲ್ಲೊಂದು ಆಲದ ಮರ. 1831ರ ಜನವರಿ 26ರಂದು ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ರಾಯಣ್ಣನನ್ನು ಇದೇ ಊರಿನಲ್ಲಿ ಗಲ್ಲಿಗೇರಿಸಿತು. ಆತನ ಸಂಗಡಿಗನೊಬ್ಬ ನೆಟ್ಟ ಸಸಿಯೇ ಇಂದಿನ ಈ ಮರವೆಂಬುದು ಜನರ ನಂಬಿಕೆ. ಮಕ್ಕಳಿಲ್ಲದ ಹೆಣ್ಣುಮಕ್ಕಳು ಇಲ್ಲಿಗೆ ಬಂದು ಹರಕೆ ಹೊತ್ತು ತೊಟ್ಟಿಲು ಕಟ್ಟುವುದುಂಟು. ಅವರು ಬೇಡುವುದು ಬರಿಯ ಸಂತಾನವನ್ನಲ್ಲ, ರಾಯಣ್ಣನಂಥ ಸಂತಾನವನ್ನು.

ವೀರನೊಬ್ಬನಿಗಾಗಿ ಜನ ಹಂಬಲಿಸುವ ಬಗೆಗಳಲ್ಲಿ ಇದಕ್ಕಿಂತ ನೇರವಾದದ್ದು ಬಹುಶಃ ಇನ್ನೊಂದಿಲ್ಲ. ಸತ್ತವನು ಮರಳಿ ಬರುವುದಿಲ್ಲವೆಂಬುದು ಗೊತ್ತು. ಆದರೆ ಅವನಂಥವನೊಬ್ಬ ಹುಟ್ಟಿ ಬರಬಾರದೇಕೆ ಎಂಬುದು ಈ ಹರಕೆಯ ಒಳಗಿರುವ ಪ್ರಶ್ನೆ. ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ, ಗದಗ ಸೀಮೆಗಳಲ್ಲಿ ನೂರೈವತ್ತು ವರ್ಷಗಳಿಗೂ ಮೀರಿ ಕೇಳಿಬಂದಿರುವ ವೀರ ಲಾವಣಿಗಳಲ್ಲಿಯೂ ಗೀಗೀ ಪದಗಳಲ್ಲಿಯೂ ಇರುವುದು ಇದೇ ಪ್ರಶ್ನೆ. ರಾಜ್ಯಗಳು ಹೋದವು, ಕಂಪನಿ ಹೋಯಿತು, ಬ್ರಿಟಿಷರೂ ಹೋದರು. ಹಾಡು ಮಾತ್ರ ಹೋಗಲಿಲ್ಲ.

ಲಾವಣಿ ಎಂದರೇನು?

ಲಾವಣಿ ಎಂಬ ಹೆಸರು ಮರಾಠಿ ಮತ್ತು ಕನ್ನಡ ಎರಡಕ್ಕೂ ಸೇರಿದ್ದು. ಮರಾಠಿಯಲ್ಲಿ ಲಾವಣಿಯೆಂದರೆ ಹೆಚ್ಚಾಗಿ ಶೃಂಗಾರದ ಹಾಡು, ಕುಣಿತದ ಹಾಡು. ವೀರರ ಕಥೆಗೆ ಅಲ್ಲಿ ಪೊವಾಡವೆಂಬ ಬೇರೆ ಪ್ರಕಾರವಿದೆ. ಕನ್ನಡದ ಲಾವಣಿ ಈ ಎರಡನ್ನೂ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿದೆ. ಒಬ್ಬನೇ ಲಾವಣಿಕಾರ ಸಂಜೆ ಹೆಣ್ಣಿನ ಚೆಲುವನ್ನು ವರ್ಣಿಸಿ, ನಡುರಾತ್ರಿ ಗಲ್ಲಿಗೇರಿದವನ ಕಥೆಯನ್ನು ಎತ್ತಿಕೊಳ್ಳಬಲ್ಲ. ಪಲ್ಲ, ನುಡಿ, ಏರು, ಇಳುವು, ಕೂಡುಪಲ್ಲ ಎಂದು ಹಾಡಿಗೆ ಭಾಗಗಳುಂಟು. ಕಥೆಯ ಬಿಗಿ ಹೆಚ್ಚಿದಲ್ಲಿ ಧ್ವನಿಯನ್ನೇರಿಸಿ, ಸುದ್ದಿ ಹೇಳುವಲ್ಲಿ ಇಳಿಸಿ, ಮತ್ತೆ ಪಲ್ಲಕ್ಕೆ ತಂದು ಕೂಡಿಸುವುದು ಇದರ ಕ್ರಮ. ಕೊನೆಯ ನುಡಿಯಲ್ಲಿ ಕಟ್ಟಿದವನ ಊರು, ಊರ ದೇವರು, ಕೆಲವೊಮ್ಮೆ ಗುರುವಿನ ಹೆಸರು ಅಂಕಿತವಾಗಿ ಬರುತ್ತದೆ.

ಇದಕ್ಕೆ ಹತ್ತಿರದ್ದು ಗೀಗೀ ಪದ. ಮುಂದೆ ನಿಂತು ಹಾಡುವವನೊಬ್ಬ, ಅವನ ಕೈಯಲ್ಲಿ ದಪ್ಪು. ಹಿಂದೆ ನಿಂತು ದನಿಗೂಡಿಸುವವರು ಇಬ್ಬರು. ಅವರ ಬಳಿ ತುಂತುಣಿ ಮತ್ತು ತಾಳ. ಸಾಲಿನ ಕೊನೆಗೆ ಹಿಮ್ಮೇಳದವರು ಎಳೆದು ಹೇಳುವ ಗೀ ಎಂಬ ಸೊಲ್ಲಿನಿಂದಲೇ ಪ್ರಕಾರಕ್ಕೆ ಆ ಹೆಸರು. ಜಾತ್ರೆ, ಉರುಸುಗಳಲ್ಲಿ ಹರದೇಶಿ ಮತ್ತು ನಾಗೇಶಿ ಎಂಬ ಎರಡು ಪಕ್ಷಗಳ ನಡುವೆ ರಾತ್ರಿಯಿಡೀ ವಾದದ ಹಾಡುಗಳು ನಡೆಯುತ್ತವೆ. ಹರದೇಶಿಯವರು ಶಿವನ ಅಥವಾ ಗಂಡಿನ ಪಕ್ಷ ಹಿಡಿದರೆ, ನಾಗೇಶಿಯವರು ಶಕ್ತಿಯ ಅಥವಾ ಹೆಣ್ಣಿನ ಪಕ್ಷ. ಇಂಥ ಸಭೆಯಲ್ಲಿ ಕೇಳುಗರು ಸುಮ್ಮನೆ ಕುಳಿತಿರುವವರಲ್ಲ. ಹಾಡಿನಲ್ಲಿ ತಪ್ಪು ಹೇಳಿದರೆ ತಡೆಯುತ್ತಾರೆ, ಚೆನ್ನಾಗಿ ಹೇಳಿದರೆ ಆಯೇರಿ ಮಾಡುತ್ತಾರೆ. ವೀರನ ಕಥೆಗಳು ಇಷ್ಟು ಕಾಲ ಬಾಳಿದ್ದಕ್ಕೆ ಇದೂ ಒಂದು ಕಾರಣವೆನ್ನಬೇಕು: ಹಾಡುಗಾರ ಮರೆತದ್ದನ್ನು ನೆನಪಿಸುವವರು ಎದುರಿಗೇ ಕುಳಿತಿರುತ್ತಿದ್ದರು.

ವೀರನನ್ನು ನೆನೆಯುವ ವಾಡಿಕೆ ಲಾವಣಿಗಿಂತ ಬಹಳ ಹಳೆಯದೇ. ತುರುಗಳನ್ನು ಕಳ್ಳರಿಂದ ಬಿಡಿಸಿ ತರುವಾಗ ಸತ್ತವನಿಗೆ, ಊರಿನ ಹೆಣ್ಣುಮಕ್ಕಳ ಮಾನ ಕಾಯುವಾಗ ಸತ್ತವನಿಗೆ ನೆಟ್ಟ ವೀರಗಲ್ಲುಗಳು ಕರ್ನಾಟಕದ ಸಾವಿರಾರು ಊರುಗಳಲ್ಲಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವ ದೃಶ್ಯ, ಮೇಲೆ ಶಿವಸಾನ್ನಿಧ್ಯ. ಆದರೆ ಕಲ್ಲು ಸಮಾಧಾನ ಹೇಳುತ್ತದೆ: ಅವನು ಸ್ವರ್ಗಕ್ಕೆ ಹೋದ, ಚಿಂತಿಸಬೇಡಿ ಎನ್ನುತ್ತದೆ. ಲಾವಣಿ ಆ ಸಮಾಧಾನಕ್ಕೆ ನಿಲ್ಲುವುದಿಲ್ಲ. ಅವನು ಹೋದ ಮೇಲೆ ಊರಿಗೆ ಏನಾಯಿತು ಎಂದು ಕೇಳುತ್ತದೆ.

ಕಿತ್ತೂರಿನಿಂದ ನಂದಗಡಕ್ಕೆ

ರಾಯಣ್ಣನ ಕಥೆ ಕಿತ್ತೂರಿನ ಪತನದೊಂದಿಗೆ ಬೆಸೆದುಕೊಂಡಿದೆ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಶಿವಲಿಂಗಪ್ಪನೆಂಬ ಬಾಲಕನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ; ಚೆನ್ನಮ್ಮ ರಾಣಿಯ ಪಡೆ ಗೆದ್ದಿತು. ಆದರೆ ಆ ಗೆಲುವು ಆರು ವಾರಗಳ ಮಾತು. ಡಿಸೆಂಬರ್ ಮೊದಲ ವಾರದಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ಬೈಲಹೊಂಗಲದ ಸೆರೆಯಲ್ಲಿದ್ದ ಚೆನ್ನಮ್ಮ 1829ರಲ್ಲಿ ಅಲ್ಲಿಯೇ ತೀರಿಕೊಂಡಳು.

ರಾಯಣ್ಣ ಅರಸನಲ್ಲ, ಅರಸನ ಮಗನಲ್ಲ. ಕುರುಬ ಸಮುದಾಯದವನು, ಸಂಗೊಳ್ಳಿಯ ಶೇತಸನದಿ. ಎಂದರೆ ಊರು ಕಾಯುವ ಕೆಲಸಕ್ಕಾಗಿ ಇನಾಮು ಭೂಮಿ ಪಡೆದ ಮನೆತನದವನು. ಹೊಸ ಸರ್ಕಾರ ಇಂಥವರ ಭೂಮಿಗೆ ಕೈಹಾಕಿತು, ಉಳಿದದ್ದಕ್ಕೆ ಕಂದಾಯ ಹೆಚ್ಚಿಸಿತು. ಕಂದಾಯ ಕಟ್ಟದ್ದಕ್ಕಾಗಿ ಊರಿನ ಅಧಿಕಾರಿಯೊಬ್ಬ ರಾಯಣ್ಣನ ತಾಯಿ ಕೆಂಚವ್ವನ ಬೆನ್ನ ಮೇಲೆ ಕಲ್ಲು ಹೊರಿಸಿ ನಿಲ್ಲಿಸಿದನೆಂದೂ, ಅದನ್ನು ಕಂಡ ಮಗ ಕೆರಳಿ ಎದ್ದನೆಂದೂ ಜನಪದ ಕಥೆ ಹೇಳುತ್ತದೆ. ಇದು ದಾಖಲೆಯ ಮಾತಲ್ಲ, ಬಾಯಿಂದ ಬಾಯಿಗೆ ಬಂದ ಮಾತು. ಆದರೆ ದಂಗೆಯ ಮೂಲವನ್ನು ಜನ ಎಲ್ಲಿ ಕಂಡರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅವರಿಗೆ ಕಂಡದ್ದು ಸಿಂಹಾಸನವಲ್ಲ. ಹೊಲ, ಕಂದಾಯ ಮತ್ತು ತಾಯಿಯ ಬೆನ್ನ ಮೇಲಿನ ಕಲ್ಲು.

ಬಾಲಕ ಶಿವಲಿಂಗಪ್ಪನ ಹೆಸರಿನಲ್ಲಿ ರಾಯಣ್ಣ ಕಾಡು ಸೇರಿ ಪಡೆ ಕಟ್ಟಿದ. ಕಚೇರಿಗಳನ್ನು ಸುಟ್ಟ. ಕಚೇರಿಯೊಂದಿಗೆ ಸಾಲದ ಮತ್ತು ಕಂದಾಯದ ಕಾಗದಗಳೂ ಸುಟ್ಟವೆಂಬುದನ್ನು ಇಲ್ಲಿ ಮರೆಯಬಾರದು; ಬಡ ರೈತನಿಗೆ ಬೆಂಕಿಯ ಅರ್ಥ ಅದೇ ಆಗಿತ್ತು. ಹಲವು ತಿಂಗಳು ಕಂಪನಿಯ ಪಡೆಗೆ ಸಿಗದೆ ಓಡಾಡಿದವನು 1830ರ ಏಪ್ರಿಲಿನಲ್ಲಿ ಸಿಕ್ಕಿಬಿದ್ದ. ಕಾಳಗದಲ್ಲಿ ಸೋತು ಸಿಕ್ಕಿದ್ದಲ್ಲ. ಸ್ನಾನಕ್ಕೆಂದು ಹಳ್ಳಕ್ಕೆ ಇಳಿದಾಗ, ಆಯುಧ ದಡದಲ್ಲಿದ್ದಾಗ, ಜೊತೆಗಿದ್ದ ನಾಡಿನವರೇ ಹಿಡಿದುಕೊಟ್ಟರೆಂದು ಜನ ಹೇಳುತ್ತಾರೆ. ಹಿಡಿದುಕೊಟ್ಟವರ ಹೆಸರು, ಊರುಗಳನ್ನೂ ಈ ಸೀಮೆಯ ಹಿರಿಯರು ಹೇಳಬಲ್ಲರು. ಎರಡು ಶತಮಾನ ಕಳೆಯುತ್ತ ಬಂದರೂ ಆ ಹೆಸರುಗಳು ಮಾಸದಿರುವುದು ಹಾಡಿನ ದೆಸೆಯಿಂದ.

ಗಲ್ಲಿಗೇರಿಸಿದ ಸರ್ಕಾರದ ಅಧಿಕಾರಿಯೇ ಬರೆದಿಟ್ಟ

ವಿಚಿತ್ರವೆಂದರೆ, ರಾಯಣ್ಣನ ಲಾವಣಿಯನ್ನು ಮೊದಲು ಸಂಗ್ರಹಿಸಿ ಅಚ್ಚಿಗೆ ಕೊಟ್ಟವನು ಬ್ರಿಟಿಷ್ ಅಧಿಕಾರಿ. ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಹೆಸರು ಶಾಸನಗಳ ಓದುಗರಿಗೆ ಚಿರಪರಿಚಿತ. ಮುಂಬಯಿ ಆಧಿಪತ್ಯದ ಸಿವಿಲ್ ಸೇವೆಯಲ್ಲಿದ್ದ ಆತ ಕನ್ನಡ ನಾಡಿನ ರಾಜಮನೆತನಗಳ ಇತಿಹಾಸ ಬರೆದವನು, ಗುಪ್ತರ ಶಾಸನಗಳನ್ನು ಸಂಪಾದಿಸಿದವನು. ಆತ 1885ರಿಂದ ಮುಂದಿನ ಕೆಲವು ವರ್ಷಗಳಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳ ಆಯ್ಕೆಯೊಂದನ್ನು ಮೂಲಪಾಠ ಮತ್ತು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನ ದಂಗೆ ಅದರಲ್ಲಿದೆ, ಹಲಗಲಿಯ ಬೇಡರ ಕಥೆಯೂ ಇದೆ.

ಆಗ ರಾಯಣ್ಣ ಸತ್ತು ಐವತ್ತನಾಲ್ಕು ವರ್ಷ. ಅವನನ್ನು ಕಣ್ಣಾರೆ ಕಂಡ ಮುದುಕರು ಇನ್ನೂ ಬದುಕಿದ್ದಿರಬಹುದಾದ ಕಾಲ. ಸರ್ಕಾರದ ಲೆಕ್ಕದಲ್ಲಿ ದರೋಡೆಕೋರನೆನಿಸಿದವನ ಹಾಡು, ಅದೇ ಸರ್ಕಾರದ ಆಡಳಿತದ ಊರುಗಳಲ್ಲಿ, ಎಲ್ಲರೂ ಕೇಳುವಂತೆ ನಡೆದೇ ಇತ್ತು ಎಂಬುದಕ್ಕೆ ಫ್ಲೀಟ್‌ನ ಸಂಗ್ರಹವೇ ಪುರಾವೆ. ಕಲ್ಲಿನ ಅಕ್ಷರ ಹುಡುಕುತ್ತ ಹೋದವನಿಗೆ ಬಾಯಿನ ಅಕ್ಷರ ಸಿಕ್ಕಿತು.

ಕನ್ನಡಿಗರ ಕಡೆಯಿಂದ ಈ ಕೆಲಸ ದೊಡ್ಡದಾಗಿ ನಡೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ಬಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರ ಗುಂಪು, ಎಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು, ಹೆಣ್ಣುಮಕ್ಕಳ ತ್ರಿಪದಿಗಳನ್ನು ‘ಗರತಿಯ ಹಾಡು’ ಎಂದೂ ಲಾವಣಿಗಳನ್ನು ‘ಜೀವನ ಸಂಗೀತ’ ಎಂದೂ 1930ರ ದಶಕದ ಆರಂಭದಲ್ಲಿ ಹೊರತಂದರು. ಮುಂದೆ ಬಿ.ಎಸ್. ಗದ್ದಗಿಮಠ ಅವರಂಥ ವಿದ್ವಾಂಸರು ಊರೂರು ಅಲೆದು ಸಂಗ್ರಹಿಸಿದರು.

ಹಲಗಲಿಯ ಪಟ್ಟಿ

ಈ ಹಾಡುಗಳ ಸೆಳೆತವೇನೆಂಬುದನ್ನು ತಿಳಿಯಲು ಹಲಗಲಿಯ ಲಾವಣಿಯನ್ನು ನೋಡಬೇಕು. ಹಲಗಲಿ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಪುಟ್ಟ ಊರು. ಅಂದು ಮುಧೋಳ ಸಂಸ್ಥಾನಕ್ಕೆ ಸೇರಿತ್ತು. 1857ರಲ್ಲಿ ಉತ್ತರ ಭಾರತದಲ್ಲಿ ಸಿಪಾಯಿಗಳು ಎದ್ದ ಮೇಲೆ ಸರ್ಕಾರ ನಿಶ್ಶಸ್ತ್ರೀಕರಣದ ಕಾನೂನು ತಂದಿತು. ಅನುಮತಿಯಿಲ್ಲದ ಆಯುಧಗಳನ್ನೆಲ್ಲ ಒಪ್ಪಿಸಬೇಕೆಂಬ ಆಜ್ಞೆ. ಬೇಟೆಯೇ ಬದುಕಾಗಿದ್ದ ಬೇಡರಿಗೆ ಆಯುಧ ಕೊಡುವುದೂ ಕೈ ಕತ್ತರಿಸಿ ಕೊಡುವುದೂ ಒಂದೇ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರ ಮುಂದಾಳುತನದಲ್ಲಿ ಅವರು ಕೊಡುವುದಿಲ್ಲವೆಂದರು. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಅನೇಕರು ಸತ್ತರು, ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಲಾಯಿತು.

ಇಷ್ಟನ್ನು ಇತಿಹಾಸದ ಪುಸ್ತಕವೂ ಹೇಳುತ್ತದೆ. ಲಾವಣಿ ಹೇಳುವುದು ಇದಕ್ಕಿಂತ ಹೆಚ್ಚು. ನಾಲ್ವರ ಸಾಹಸವನ್ನು ಹೇಳಿದ ಮೇಲೆ ಲಾವಣಿಕಾರ ಸುಟ್ಟ ಊರಿನಿಂದ ದಂಡಿನವರು ಏನೇನು ಹೊತ್ತೊಯ್ದರೆಂದು ಒಂದು ಪಟ್ಟಿ ಕೊಡುತ್ತಾನೆ. ಬಂಗಾರ, ಬೆಳ್ಳಿಯ ಪಟ್ಟಿಯಲ್ಲ. ಬೀಸುವ ಕಲ್ಲು, ಕುಡುಗೋಲು, ಜೀರಿಗೆ, ಅರಿಸಿನ, ಬೆಲ್ಲ, ಬೆಣ್ಣೆ ಮುಂತಾದ ಅಡುಗೆಮನೆಯ ಮತ್ತು ಹೊಲದ ಸಾಮಾನು, ಕೊರಳಿನ ತಾಳಿಯವರೆಗೆ. ಬಡವರ ಮನೆಯಲ್ಲಿ ಎಷ್ಟಿರುತ್ತದೆ ಎಂಬುದೂ, ಅಷ್ಟನ್ನೂ ಬಿಡದೆ ಒಯ್ದರೆಂಬುದೂ ಒಟ್ಟಿಗೆ ತಿಳಿಯುತ್ತದೆ. ಕಾಳಗದ ವರ್ಣನೆ ಕೇಳಿ ಮೈಯುಬ್ಬಿಸಿಕೊಂಡ ಕೇಳುಗ ಇಲ್ಲಿಗೆ ಬಂದಾಗ ತಣ್ಣಗಾಗುತ್ತಾನೆ. ಕನ್ನಡದ ಯಾವ ಮಹಾಕವಿಯ ಯುದ್ಧವರ್ಣನೆಯ ಪಕ್ಕದಲ್ಲಿಯೂ ಈ ಪಟ್ಟಿಯನ್ನು ನಿಸ್ಸಂಕೋಚವಾಗಿ ಇಡಬಹುದು.

ವೀರನಿಗಾಗಿ ಹಂಬಲಿಸುವ ಹಾಡೆಂದರೆ ವೀರನ ಮೈಮಾಟದ, ಕತ್ತಿಯ ಝಳಪಿನ ಹಾಡೆಂದು ಭಾವಿಸುವುದು ವಾಡಿಕೆ. ನಿಜವಾಗಿ ಹಂಬಲ ಹುಟ್ಟುವುದು ಅಲ್ಲಿಂದಲ್ಲ, ಬರಿದಾದ ಮನೆಯಿಂದ. ಬೀಸುವ ಕಲ್ಲನ್ನೂ ಕಳೆದುಕೊಂಡವರಿಗೆ ಹನುಮ, ಬಾಲರು ಬೇಕೆನಿಸುತ್ತದೆ. ಲಾವಣಿ ಇದನ್ನು ಬಿಡಿಸಿ ಹೇಳುವುದಿಲ್ಲ, ಪಟ್ಟಿಯನ್ನಷ್ಟೇ ಓದುತ್ತದೆ. ಕೊನೆಗೆ ಕುರ್ತಕೋಟಿಯ ಕಲ್ಮೇಶನ ಅಂಕಿತ ಬಂದು ಹಾಡು ಮುಗಿಯುತ್ತದೆ.

ಸೋತವರೇ ಏಕೆ?

ಒಂದು ಸಂಗತಿ ಗಮನಾರ್ಹ. ಈ ಸೀಮೆಯ ಜನ ಇಷ್ಟಪಟ್ಟು ಹಾಡಿದ ವೀರರಲ್ಲಿ ಗೆದ್ದು ಬಾಳಿದವರು ಅಪರೂಪ. ಚೆನ್ನಮ್ಮ ಸೆರೆಯಲ್ಲಿ ಸತ್ತಳು. ರಾಯಣ್ಣನಿಗೂ ಹಲಗಲಿಯವರಿಗೂ ಗಲ್ಲು. 1858ರಲ್ಲಿ ನರಗುಂದದ ಬಾಬಾಸಾಹೇಬನಿಗೂ ಅದೇ ಗತಿ. 1920ರ ದಶಕದ ಆರಂಭದಲ್ಲಿ ಸರ್ಕಾರಿ ಖಜಾನೆ ದೋಚಿ ಬಡವರಿಗೆ ಹಂಚಿದನೆಂದು ಜನ ಕೊಂಡಾಡುವ ಸಿಂಧೂರ ಲಕ್ಷ್ಮಣ, ನಂಬಿದವರ ಮೋಸದಿಂದ ಪೊಲೀಸರ ಗುಂಡಿಗೆ ಬಲಿಯಾದನೆಂದು ಅವನ ಕಥೆ. ಅವನ ಮೇಲೆ ಹಾಡುಗಳೂ ಕಂಪನಿ ನಾಟಕಗಳೂ ಬಂದವು.

ಇದು ಕನ್ನಡದ್ದೇ ವಿಶೇಷವೆನ್ನಲಾಗದು. ಇಂಗ್ಲೆಂಡಿನ ರಾಬಿನ್ ಹುಡ್‌ನ ಹಳೆಯ ಲಾವಣಿಗಳಲ್ಲಿ ಅವನು ಸಾಯುವುದು ಶತ್ರುವಿನ ಬಾಣದಿಂದಲ್ಲ; ಚಿಕಿತ್ಸೆಗೆಂದು ನಂಬಿ ಹೋದಾಗ ಮಠದ ಮುಖ್ಯಸ್ಥೆ ರಕ್ತ ಹರಿಸಿ ಕೊಲ್ಲುತ್ತಾಳೆ. ಇತಿಹಾಸಕಾರ ಎರಿಕ್ ಹಾಬ್ಸ್‌ಬಾಮ್ 1969ರ ತನ್ನ ‘ಬ್ಯಾಂಡಿಟ್ಸ್’ ಪುಸ್ತಕದಲ್ಲಿ ಜಗತ್ತಿನ ಹಲವು ನಾಡುಗಳ ಇಂಥ ಕಥೆಗಳನ್ನು ಹೋಲಿಸಿ, ಜನ ಮೆಚ್ಚಿದ ದರೋಡೆಕೋರ ಸಾಯುವುದು ದ್ರೋಹದಿಂದಲೇ ಎಂಬುದನ್ನು ಅವುಗಳ ಸಾಮಾನ್ಯ ಲಕ್ಷಣಗಳಲ್ಲಿ ಒಂದೆಂದು ಗುರುತಿಸಿದ. ಅವನು ಬಲದಲ್ಲಿ ಸೋಲಬಾರದು. ಸೋತರೆ ಹಂಬಲಿಸಲು ಅರ್ಹನಲ್ಲ. ಆದ್ದರಿಂದ ದ್ರೋಹವೊಂದು ಬೇಕಾಗುತ್ತದೆ ಎಂದು ತರ್ಕಿಸಬಹುದು.

ಆದರೆ ನಮ್ಮ ಲಾವಣಿಗಳ ಮಟ್ಟಿಗೆ ದ್ರೋಹವೆಂಬುದು ಕಥೆಯ ಅನುಕೂಲಕ್ಕೆ ಬಂದದ್ದೆಂದು ತಳ್ಳಿಹಾಕುವಂತಿಲ್ಲ. ಕಂಪನಿಯ ಆಡಳಿತ ನಡೆದದ್ದೇ ಊರಿನ ಗೌಡ, ಕುಲಕರ್ಣಿ, ಕಾರಕೂನರ ಮೂಲಕ. ಇನಾಮು ಉಳಿಸಿಕೊಳ್ಳಲು, ಬಹುಮಾನ ಪಡೆಯಲು ಮಾಹಿತಿ ಕೊಟ್ಟವರು ಇದ್ದೇ ಇದ್ದರು. ವೀರ ಬೇಕು ಎನ್ನುವ ಊರೇ ವೀರನನ್ನು ಹಿಡಿದುಕೊಟ್ಟಿತು ಎಂಬ ಕಹಿಯನ್ನು ಲಾವಣಿ ನುಂಗಿಕೊಳ್ಳದೆ ಹೇಳುತ್ತದೆ. ಕೇಳುವವರಲ್ಲಿ ಎರಡೂ ಕಡೆಯವರ ವಂಶದವರು ಕುಳಿತಿರಬಹುದು! ನಂದಗಡದ ಮರದಡಿ ಬೇಡುವ ತಾಯಿಗೂ ಈ ಕಥೆ ಗೊತ್ತು. ರಾಯಣ್ಣನಂಥ ಮಗ ಎಂದರೆ ಗಲ್ಲಿಗೆ ಹೋಗಬಲ್ಲ ಮಗ, ನೆರೆಯವರೇ ಹಿಡಿದುಕೊಡಬಹುದಾದ ಮಗ. ಗೊತ್ತಿದ್ದೂ ಬೇಡುತ್ತಾಳೆ.

ಮೊಹರಮ್ಮಿನ ದಿನಗಳಲ್ಲಿ ಇದೇ ಸೀಮೆಯಲ್ಲಿ ಕೇಳುವ ರಿವಾಯತ್ ಪದಗಳನ್ನು ಇಲ್ಲಿ ನೆನೆಯದಿದ್ದರೆ ಚಿತ್ರ ಅಪೂರ್ಣ. ಕರ್ಬಲಾದ ರಣದಲ್ಲಿ ನೀರಿಲ್ಲದೆ ಹೋರಾಡಿ ಮಡಿದ ಹುಸೇನರ ಕಥೆಯನ್ನು ಹಳ್ಳಿಗರು ಕನ್ನಡದಲ್ಲಿ ಹಾಡುತ್ತಾರೆ; ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ, ಮುಸ್ಲಿಮರೂ ಇರುತ್ತಾರೆ. ಅರಬ್ಬರ ನಾಡಿನ ಏಳನೆಯ ಶತಮಾನದ ಸಾವು ಬರಗಾಲದ ಬಯಲುಸೀಮೆಯಲ್ಲಿ ಸ್ವಂತದ್ದಾಗಲು ಹೆಚ್ಚಿನ ವಿವರಣೆ ಬೇಕಿಲ್ಲ. ಬಾಯಾರಿಕೆಯೂ ಕೈಬಿಟ್ಟ ನಂಟರೂ ಇಲ್ಲಿನವರಿಗೆ ಗೊತ್ತಿರುವ ಸಂಗತಿಗಳೇ.

ಹೆಣ್ಣುಮಕ್ಕಳ ಹಾಡಿನಲ್ಲಿ ಈ ಹಂಬಲಕ್ಕೆ ಇನ್ನೊಂದು ರೂಪವಿದೆ. ಬೀಸುವಾಗ, ಕುಟ್ಟುವಾಗ ಹಾಡುವ ತ್ರಿಪದಿಗಳಲ್ಲಿ ಗಂಡನ ಮನೆಯಲ್ಲಿ ಬೇಯುತ್ತಿರುವವಳು ದಾರಿ ಕಾಯುವುದು ಅಣ್ಣನಿಗಾಗಿ, ತಮ್ಮನಿಗಾಗಿ. ಅವನು ಕತ್ತಿ ಹಿಡಿದು ಬರುವುದಿಲ್ಲ. ಬಂಡಿ ಕಟ್ಟಿಕೊಂಡು, ಕುಬಸದ ಕಣ ಹಿಡಿದು ಬರುತ್ತಾನೆ. ಬಂದರೆ ಅವಳಿಗೆ ನಾಲ್ಕು ದಿನದ ಬಿಡುಗಡೆ. ಅತ್ತೆಯ ಮನೆಯ ಅಂಗಳದಲ್ಲಿ ನಿಂತು ಇವಳು ನಮ್ಮವಳು ಎನ್ನುವವನೊಬ್ಬ ಇದ್ದಾನೆಂಬುದೇ ಅವಳ ಬಲ. ಲಾವಣಿಯ ವೀರನೂ ತ್ರಿಪದಿಯ ಅಣ್ಣನೂ ಬೇರೆಬೇರೆ ಎಂದು ವಿಂಗಡಿಸುವುದು ವಿದ್ವಾಂಸರ ಅನುಕೂಲಕ್ಕೆ. ಹಾಡುವವಳಿಗೆ ಇಬ್ಬರೂ ನಮ್ಮ ಪರವಾಗಿ ಬರುವವರು, ಅಷ್ಟೆ.

ದಪ್ಪಿನಿಂದ ಪರದೆಗೆ, ಪರದೆಯಿಂದ ವೃತ್ತಕ್ಕೆ

ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಗೀಗೀ ಮೇಳಗಳಿಗೆ ಹೊಸ ಕೆಲಸ ಬಂತು. ಗಾಂಧಿ, ಖಾದಿ, ಕರನಿರಾಕರಣೆಗಳು ಹಾಡಿಗೆ ಸೇರಿದವು. ಓದು ಬಾರದವರ ನಡುವೆ ಸುದ್ದಿ ಹರಡುವ ಕೆಲಸವನ್ನು ಈ ಮೇಳಗಳು ಮಾಡಿದವು. ರಾಯಣ್ಣ, ಚೆನ್ನಮ್ಮರ ಕಥೆಗೆ ಆಗ ದೇಶಭಕ್ತಿಯ ಅರ್ಥ ಗಟ್ಟಿಯಾಯಿತು. ಕಿತ್ತೂರಿನ ಗಡಿಯೊಳಗಿದ್ದ ಜಗಳ ಇಡೀ ದೇಶದ ಜಗಳವಾಗಿ ಬೆಳೆಯಿತು.

ಮುಂದಿನದು ಸಿನಿಮಾ. ಬಿ.ಆರ್. ಪಂತುಲು ನಿರ್ದೇಶನದ ‘ಕಿತ್ತೂರು ಚೆನ್ನಮ್ಮ’ 1961ರಲ್ಲಿ ಬಂದಿತು, ಬಿ. ಸರೋಜಾದೇವಿ ರಾಣಿಯಾಗಿ, ರಾಜ್‌ಕುಮಾರ್ ಮಲ್ಲಸರ್ಜನಾಗಿ ನಟಿಸಿದರು. ದರ್ಶನ್ ನಾಯಕರಾದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ತೆರೆಕಂಡದ್ದು 2012ರ ರಾಜ್ಯೋತ್ಸವದಂದು. ಹಳೆ ಮೈಸೂರಿನ ಪ್ರೇಕ್ಷಕರಲ್ಲಿ ಅನೇಕರಿಗೆ ರಾಯಣ್ಣನ ಕಥೆ ಪೂರ್ತಿಯಾಗಿ ತಿಳಿದದ್ದು ಈ ಚಿತ್ರದಿಂದಲೇ ಎಂದರೆ ಉತ್ಪ್ರೇಕ್ಷೆಯಾಗದು. 2010ರ ದಶಕದಲ್ಲಿ ಬೆಂಗಳೂರು ನಗರ ರೈಲು ನಿಲ್ದಾಣಕ್ಕೂ ಅವನ ಹೆಸರು ಬಂತು. ಸಂಗೊಳ್ಳಿಯಲ್ಲಿ ಜನವರಿಯಲ್ಲಿ ಉತ್ಸವ, ಆಗಸ್ಟ್ 15ರಂದು ಜಯಂತಿ. ಸ್ವಾತಂತ್ರ್ಯ ದಿನದಂದು ಹುಟ್ಟಿ ಗಣರಾಜ್ಯ ದಿನದಂದು ಗಲ್ಲಿಗೇರಿದನೆಂಬ ಹೊಂದಾಣಿಕೆಯನ್ನು ಭಾಷಣಕಾರರು ತಪ್ಪದೆ ಹೇಳುತ್ತಾರೆ. ಹುಟ್ಟಿದ ದಿನ ಪರಂಪರೆಯಿಂದ ಬಂದದ್ದು, ಗಲ್ಲಿನ ದಿನ ದಾಖಲೆಯದು.

ಹಾಡು ಪ್ರತಿಮೆಯಾದಾಗ ಲಾಭವೂ ಉಂಟು, ನಷ್ಟವೂ ಉಂಟು. ಪ್ರತಿಮೆಗೆ ಕುದುರೆ, ಕತ್ತಿ ಸಾಕು. ತಾಯಿಯ ಬೆನ್ನ ಮೇಲಿನ ಕಲ್ಲು, ಜಪ್ತಾದ ಇನಾಮು, ಹಿಡಿದುಕೊಟ್ಟವರ ಹೆಸರು, ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಊರಿನ ನಡುವೆ ನಿಂತು ಎಲ್ಲರನ್ನೂ ಕೇಳುತ್ತಿದ್ದವನು ಒಂದು ಭಾಷೆಯ, ಒಂದು ಸಮುದಾಯದ, ಒಂದು ಪಕ್ಷದ ಆಸ್ತಿಯಾಗುವ ಅಪಾಯವೂ ಇದೆ. 2020ರ ಆಗಸ್ಟಿನಲ್ಲಿ ಬೆಳಗಾವಿಯ ಪೀರನವಾಡಿಯಲ್ಲಿ ರಾಯಣ್ಣನ ಪ್ರತಿಮೆ ನಿಲ್ಲಿಸುವ ವಿಚಾರದಲ್ಲಿ ಕನ್ನಡ ಮತ್ತು ಮರಾಠಿ ಗುಂಪುಗಳ ನಡುವೆ ಉದ್ವಿಗ್ನತೆ ಉಂಟಾಯಿತು. ಅದೇ ವೃತ್ತದ ಬಳಿ ಶಿವಾಜಿಯ ಪ್ರತಿಮೆಯಿತ್ತು. 2021ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಳಿದ ಸುದ್ದಿಯ ಬೆನ್ನಿಗೆ ಬೆಳಗಾವಿಯಲ್ಲಿ ರಾಯಣ್ಣನ ಪ್ರತಿಮೆಗೆ ಹಾನಿ ಮಾಡಲಾಯಿತು.

ಶಿವಾಜಿಯೂ ಹಾಡಿನ ವೀರನೇ ಎಂಬುದನ್ನು ಈ ಗದ್ದಲ ಮರೆಸುತ್ತದೆ. ಅವನ ಮೇಲಿನ ಪೊವಾಡಗಳಿಗೆ ಅವನ ಕಾಲದಷ್ಟೇ ವಯಸ್ಸು. 1869ರಲ್ಲಿ ಜ್ಯೋತಿಬಾ ಫುಲೆ ಬರೆದ ಪೊವಾಡದಲ್ಲಿ ಅವನು ರೈತರ ಕುಲಭೂಷಣ. 1890ರ ದಶಕದಲ್ಲಿ ತಿಲಕರ ಶಿವಾಜಿ ಉತ್ಸವದಲ್ಲಿ ಅವನು ರಾಷ್ಟ್ರದ ನಾಯಕ. ಒಬ್ಬನೇ ವೀರನನ್ನು ಇಬ್ಬರು ಎರಡು ಬಗೆಯಾಗಿ ಹಂಬಲಿಸಿದರು. ಕನ್ನಡದ ಗೀಗೀ ಮೇಳದ ತುಂತುಣಿ ಪೊವಾಡ ಹಾಡುವ ಶಾಹೀರನ ಜೊತೆಯವರ ಕೈಯಲ್ಲಿಯೂ ಇದೆ. ವಾದ್ಯ ಒಂದೇ, ಕೇಳುವ ಜನವೂ ಹಲವು ಊರುಗಳಲ್ಲಿ ಒಂದೇ. ಗಡಿಯ ಹಳ್ಳಿಗಳ ಜಾತ್ರೆಗಳಲ್ಲಿ ಎರಡೂ ಭಾಷೆಯ ಹಾಡು ಕೇಳಿ ಬೆಳೆದ ಹಿರಿಯರಿಗೆ ವೃತ್ತದ ಜಗಳ ಅರ್ಥವಾಗದಿದ್ದರೆ ಆಶ್ಚರ್ಯವಿಲ್ಲ.

ಈಗ ಎಲ್ಲಿ?

ಮೇಳಗಳು ಇಲ್ಲವಾಗಿಲ್ಲ. ಜಾತ್ರೆಗಳಲ್ಲಿ, ಸರ್ಕಾರದ ಉತ್ಸವಗಳಲ್ಲಿ, ಧಾರವಾಡ ಆಕಾಶವಾಣಿಯಲ್ಲಿ ಗೀಗೀ ಪದ ಕೇಳಿಸುತ್ತ ಬಂದಿದೆ. ಕ್ಯಾಸೆಟ್ಟಿನ ಕಾಲದಲ್ಲಿ ಹರದೇಶಿ–ನಾಗೇಶಿಯ ವಾದದ ಪದಗಳಿಗೆ ಒಳ್ಳೆಯ ಮಾರುಕಟ್ಟೆಯಿತ್ತು. ಈಗ ಅವು ಯೂಟ್ಯೂಬಿಗೆ ಏರಿವೆ. ಆದರೆ ಉತ್ಸವದ ವೇದಿಕೆಯಲ್ಲಿ ಒಂದು ಮೇಳಕ್ಕೆ ಸಿಗುವುದು ಕೆಲವೇ ನಿಮಿಷ. ರಾಯಣ್ಣ ಹುಟ್ಟಿ, ಕಾಡು ಸೇರಿ, ಕಚೇರಿ ಸುಟ್ಟು, ಹಳ್ಳಕ್ಕೆ ಇಳಿದು, ಗಲ್ಲಿಗೇರಲು ಅದು ಸಾಲದು. ಆದ್ದರಿಂದ ಹಾಡುಗಾರ ಸಾಹಸದ ಭಾಗವನ್ನು ಆಯ್ದುಕೊಳ್ಳುತ್ತಾನೆ, ಚಪ್ಪಾಳೆ ಬೀಳುತ್ತದೆ, ಮುಂದಿನ ತಂಡ ಬರುತ್ತದೆ. ಇಡೀ ರಾತ್ರಿಯ ಹಾಡಿನಲ್ಲಿ ಬೆಳಗಿನ ಜಾವಕ್ಕೆ ಬರುತ್ತಿದ್ದ ದುಃಖದ ಭಾಗಕ್ಕೆ ಈಗ ಸಮಯವೇ ಉಳಿಯುವುದಿಲ್ಲ. ಜಯಂತಿಯ ಮೆರವಣಿಗೆಗಳಲ್ಲಿ ಡಿಜೆಯ ಅಬ್ಬರಕ್ಕೆ ಹೊಂದುವ ಹೊಸ ಹಾಡುಗಳ ಪಾಡೂ ಇದೇ. ಅವುಗಳಲ್ಲಿ ವೀರನಿದ್ದಾನೆ, ಅವನನ್ನು ಕಾಯುತ್ತಿರುವವರು ಕಾಣುವುದು ಕಡಿಮೆ.

ಹಲಗಲಿಯ ಲಾವಣಿಗೆ ಮಾತ್ರ ಬೇರೆಯೇ ಅದೃಷ್ಟ ಒದಗಿತು. ಗದ್ದಗಿಮಠರ ಸಂಗ್ರಹದಿಂದ ಆಯ್ದ ಅದರ ಪಾಠ ಎಸ್‌ಎಸ್‌ಎಲ್‌ಸಿ ಕನ್ನಡ ಪ್ರಥಮ ಭಾಷೆಯ ಪಠ್ಯಪುಸ್ತಕಕ್ಕೆ ಸೇರಿತು. ಕರಾವಳಿಯ, ಮಲೆನಾಡಿನ, ಬೆಂಗಳೂರಿನ ಮಕ್ಕಳೂ ಬಾಗಲಕೋಟೆ ಸೀಮೆಯ ಮಾತಿನಲ್ಲಿರುವ ಈ ಹಾಡನ್ನು ಓದಿ ಪರೀಕ್ಷೆ ಬರೆದಿದ್ದಾರೆ. ಪಾಠದ ಕೊನೆಯಲ್ಲಿ ಪದಗಳ ಅರ್ಥಗಳೂ ಪ್ರಶ್ನೆಗಳೂ ಇದ್ದವು. ಹಾಡಿಕೊಳ್ಳಲು ಮಟ್ಟು ಗೊತ್ತಿದ್ದ ಮೇಷ್ಟರು ಸಿಕ್ಕ ತರಗತಿಗಳಲ್ಲಿ ಅದು ಹಾಡಾಯಿತು. ಉಳಿದ ಕಡೆ ಮಕ್ಕಳು ಬೀಸುವ ಕಲ್ಲು, ಜೀರಿಗೆ, ಬೆಲ್ಲಗಳ ಪಟ್ಟಿಯನ್ನು ಗದ್ಯದಂತೆ ಓದಿ ಬಾಯಿಪಾಠ ಮಾಡಿದರು.